ದ್ರವ್ಯರಾಶಿ ರೋಹಿತವನ್ನು ಓದುವ ಕ್ರಮ: ಫಸಲಿನಲ್ಲಿ ಉಳಿಯುವ ಔಷಧಶೇಷಗಳ ಪರೀಕ್ಷೆ

ಬೆಂಗಳೂರಿನ ಸುತ್ತಣ ಸೀಮೆಯು ಬಹುಕಾಲದಿಂದ ರಾಗಿ, ಅವರೆ, ಹುರುಳಿಗಳಿಗೆ ಹೆಸರಾದುದು. ಇಂದು ವೈಟ್‌ಫೀಲ್ಡ್ ಎನಿಸಿಕೊಂಡಿರುವ ಪ್ರದೇಶವು ೧೮೮೨ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ಆಂಗ್ಲೋ-ಇಂಡಿಯನ್ ಸಂಘದವರಿಗೆ ವ್ಯವಸಾಯಕ್ಕೆಂದೇ ದಯಪಾಲಿಸಲ್ಪಟ್ಟ ಭೂಮಿ. ಎಲೆಕ್ಟ್ರಾನಿಕ್ ಸಿಟಿಯು ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಹೊಲಗಳಲ್ಲಿ ಸ್ಥಾಪಿತವಾಯಿತು. ಪೀಣ್ಯವೂ ಅದೇ ದಶಕದಲ್ಲಿ ಕಾರ್ಖಾನೆಗಳ ನೆಲೆಯಾಯಿತು. ಹೀಗೆ ಹೊಲಗಳು ಕೈಗಾರಿಕೆಗಳಿಗೆ ಎಡೆಗೊಟ್ಟರೂ, ಇವುಗಳಿಗೆ ಹೊಂದಿಕೊಂಡಿರುವ ಆನೇಕಲ್ಲು, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿ ತರಕಾರಿ, ದ್ರಾಕ್ಷಿ, ಹೂವುಗಳ ಬೇಸಾಯವು ಇಂದಿಗೂ ನಡೆದೇ ಇದೆ. ನಗರದ ಅಂಗಡಿಗಳೂ ಹೊರದೇಶದ ವ್ಯಾಪಾರಿಗಳೂ ಈ ಫಸಲಿಗೆ ಗಿರಾಕಿಗಳು.

ಈ ಗಿರಾಕಿಗಳು ಈಗ ಬಣ್ಣ, ಗಾತ್ರ, ರುಚಿಗಳನ್ನು ಮಾತ್ರ ನೋಡಿ ತೃಪ್ತರಾಗುವುದಿಲ್ಲ. ಹಣ್ಣಿನಲ್ಲಿಯೂ ಸೊಪ್ಪಿನಲ್ಲಿಯೂ ಕೀಟನಾಶಕದ ಶೇಷ ಎಷ್ಟಿದೆಯೆಂದು ಪ್ರಯೋಗಶಾಲೆಯಿಂದ ವರದಿಯನ್ನು ತರಿಸುತ್ತಾರೆ. ವರದಿಯು ಪ್ರತಿಕೂಲವಾದರೆ ಲಾರಿಯು ಹಿಂದಿರುಗುವುದು. ಹಡಗಿಗೆ ಹತ್ತಿದ ಸರಕು ಬಂದರಿನಲ್ಲಿಯೇ ನಾಶವಾಗುವುದೂ ಉಂಟು. ಒಂದು ವರ್ಷದ ದುಡಿಮೆಯನ್ನು ನಿರ್ಣಯಿಸುವ ಆ ಕಾಗದದ ಆಧಾರವೇ ದ್ರವ್ಯರಾಶಿ ರೋಹಿತ, ಅಥವಾ ರಸಾಯನ ಶಾಸ್ತ್ರಜ್ಞರ ವಾಡಿಕೆಯ ಮಾತಿನಲ್ಲಿ ಮಾಸ್ ಸ್ಪೆಕ್ಟ್ರಂ. ಜಮೀನುದಾರರು ಇದನ್ನು ಸ್ವತಃ ತಯಾರಿಸಬೇಕಾದುದಿಲ್ಲ. ಆದರೆ ಅದನ್ನು ಹೇಗೆ ಓದುತ್ತಾರೆ, ಎಲ್ಲಿ ನಂಬಬಹುದು, ಎಲ್ಲಿ ಪ್ರಶ್ನಿಸಬೇಕು ಎಂಬುದನ್ನು ತಿಳಿದಿರುವುದು ಅವರ ಹಿತಕ್ಕೆ ಅವಶ್ಯಕವಾದುದು.

೧. ಪರೀಕ್ಷೆಯ ಸೂಕ್ಷ್ಮತೆ

ಯಾವ ಔಷಧಕ್ಕೆ ಪ್ರತ್ಯೇಕ ಮಿತಿಯು ಗೊತ್ತುಪಡಿಸಲ್ಪಟ್ಟಿಲ್ಲವೋ ಅದಕ್ಕೆ ಯೂರೋಪಿನಲ್ಲಿ ಒಂದು ಕಿಲೋಗ್ರಾಮಿಗೆ ೦.೦೧ ಮಿಲಿಗ್ರಾಮಿನ ಸಾಮಾನ್ಯ ಮಿತಿಯುಂಟು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದವರೂ ಹಣ್ಣು ತರಕಾರಿಗಳಿಗೆ ಇದೇ ಅಂಕಿಯನ್ನು ಅಂಗೀಕರಿಸಿದ್ದಾರೆ. ಈ ಅಂಕಿಯ ಅರ್ಥವು ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ಲೆಕ್ಕ ಮಾಡಿದರೆ, ಒಂದು ಗ್ರಾಮ್ ಔಷಧವು ೧,೦೦೦ ಕ್ವಿಂಟಲ್ ಟೊಮೇಟೋವಿನಲ್ಲಿ ಸಮನಾಗಿ ಹರಡಿದರೆ ಎಷ್ಟಾಗುವುದೋ ಅಷ್ಟು. ಕಣ್ಣಿಗಾಗಲಿ, ಮೂಗಿಗಾಗಲಿ, ಸಾಮಾನ್ಯ ತಕ್ಕಡಿಗಾಗಲಿ ನಿಲುಕದ ಈ ಪ್ರಮಾಣವನ್ನು ಕಂಡುಹಿಡಿಯುವುದಲ್ಲದೆ, ಅದು ಯಾವ ಔಷಧವೆಂದು ಹೆಸರಿಟ್ಟು ಹೇಳುವುದೂ ಈ ಪರೀಕ್ಷೆಯ ಕೆಲಸ.

೨. ಯಂತ್ರವು ಮಾಡುವ ಕೆಲಸ

ಮೊದಲು ತರಕಾರಿಯನ್ನು ನುಣ್ಣಗೆ ಅರೆದು, ಅದರಲ್ಲಿ ಸುಮಾರು ೧೦ ಗ್ರಾಮಿನಷ್ಟನ್ನು ತೆಗೆದುಕೊಂಡು, ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಕಲಕಿ, ಲವಣಗಳನ್ನು ಹಾಕಿ ನೀರನ್ನು ಬೇರ್ಪಡಿಸುತ್ತಾರೆ. ಔಷಧಶೇಷವು ದ್ರಾವಕಕ್ಕೆ ಇಳಿಯುವುದು. ಈ ದ್ರಾವಕದ ಒಂದು ಹನಿಯನ್ನು ಉದ್ದವಾದ ಸೂಕ್ಷ್ಮ ನಾಳದ ಮೂಲಕ ಹಾಯಿಸಲು, ಅದರಲ್ಲಿರುವ ನೂರಾರು ಪದಾರ್ಥಗಳು ತಮ್ಮ ತಮ್ಮ ಗುಣಕ್ಕನುಸಾರವಾಗಿ ಬೇರೆ ಬೇರೆ ಹೊತ್ತಿಗೆ ಹೊರಬೀಳುವುವು. ಹೀಗೆ ಒಂದೊಂದಾಗಿ ಬಂದ ಪದಾರ್ಥವು ಗಾಳಿಯನ್ನು ತೆಗೆದುಹಾಕಿದ ಕೋಶವೊಂದನ್ನು ಪ್ರವೇಶಿಸುವುದು.

ಆ ಕೋಶದಲ್ಲಿ ಪದಾರ್ಥದ ಅಣುಗಳಿಗೆ ಎಲೆಕ್ಟ್ರಾನುಗಳ ಪೆಟ್ಟು ಬೀಳುವುದು. ಪೆಟ್ಟು ತಿಂದ ಅಣುವು ವಿದ್ಯುದಂಶವನ್ನು ಪಡೆದು ಅಯಾನಾಗುವುದು. ಅನೇಕ ಅಣುಗಳು ಒಡೆದು ತುಣುಕುಗಳೂ ಆಗುವುವು. ವಿದ್ಯುತ್ತಿನ ಅಥವಾ ಅಯಸ್ಕಾಂತದ ಬಲದಿಂದ ಈ ತುಣುಕುಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸಿ, ಯಾವ ತೂಕದವು ಎಷ್ಟು ಬಂದುವೆಂದು ಯಂತ್ರವು ಗೆರೆಗಳಾಗಿ ಬರೆಯುವುದು. ಅಡ್ಡಲಾಗಿ ತೂಕದ ಅಂಕಿ, ನಿಲುವಾಗಿ ಎಣಿಕೆ. ಈ ಗೆರೆಗಳ ಚಿತ್ರವೇ ದ್ರವ್ಯರಾಶಿ ರೋಹಿತ.

ಕುಂಬಾರನು ಒಡೆದ ಚೂರುಗಳನ್ನು ನೋಡಿ ಇದು ಗುಡಾಣದ ಕಂಠ, ಇದು ಕೊಡದ ಬುಡ ಎಂದು ಹೇಳಬಲ್ಲನು. ಮಡಕೆಯು ತನ್ನ ದುರ್ಬಲವಾದ ಕಡೆಯಲ್ಲಿಯೇ ಒಡೆಯುವುದಷ್ಟೆ. ಅಣುವೂ ಹಾಗೆಯೇ. ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಈ ಪೆಟ್ಟಿನ ಬಲವನ್ನು ೭೦ ಎಲೆಕ್ಟ್ರಾನ್-ವೋಲ್ಟಿಗೆ ಗೊತ್ತುಮಾಡಿಕೊಂಡಿರುವುದರಿಂದ, ಒಂದು ಪದಾರ್ಥವು ಪೀಣ್ಯದಲ್ಲಿ ಒಡೆದರೂ ಜರ್ಮನಿಯಲ್ಲಿ ಒಡೆದರೂ ಹೆಚ್ಚು ಕಡಿಮೆ ಒಂದೇ ಬಗೆಯ ಚೂರುಗಳನ್ನು ಕೊಡುವುದು. ಸಾವಿರಾರು ಪದಾರ್ಥಗಳ ಗೆರೆಚಿತ್ರಗಳನ್ನು ಮೊದಲೇ ಸಂಗ್ರಹಿಸಿ ಇಟ್ಟಿರುವುದರಿಂದ ಹೊಸ ಚಿತ್ರವನ್ನು ಅವುಗಳೊಡನೆ ಹೋಲಿಸಿ ನೋಡಬಹುದಾಗಿದೆ.

ಈ ವಿದ್ಯೆಯು ಇಂಗ್ಲೆಂಡಿನಲ್ಲಿ ಆರಂಭವಾಯಿತು. ಜೆ. ಜೆ. ಥಾಮ್ಸನ್ ಎಂಬ ವಿಜ್ಞಾನಿಯು ನಿಯಾನ್ ಅನಿಲದಲ್ಲಿ ೨೦ ಮತ್ತು ೨೨ ತೂಕದ ಎರಡು ಬಗೆಯ ಪರಮಾಣುಗಳಿರುವುದನ್ನು ೧೯೧೩ರ ವೇಳೆಗೆ ಕಂಡನು. ಅವನ ಶಿಷ್ಯನಾದ ಆಸ್ಟನ್ ೧೯೧೯ರಲ್ಲಿ ಇನ್ನೂ ನಿಖರವಾದ ಯಂತ್ರವನ್ನು ರಚಿಸಿ, ೧೯೨೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

೩. ಓದುವ ಕ್ರಮ

ಓದುವವನಿಗೆ ಬೇಕಾದ ಮೂಲ ಅಂಕಿಗಳು ಕೆಲವೇ. ಜಲಜನಕದ ಪರಮಾಣುವಿನ ತೂಕ ೧, ಇಂಗಾಲ ೧೨, ಸಾರಜನಕ ೧೪, ಆಮ್ಲಜನಕ ೧೬, ರಂಜಕ ೩೧, ಗಂಧಕ ೩೨, ಕ್ಲೋರಿನ್ ೩೫ ಅಥವಾ ೩೭. ಇವನ್ನು ಕೂಡುವುದು ಮತ್ತು ಕಳೆಯುವುದೇ ಈ ವಿದ್ಯೆಯ ಬಹುಭಾಗ. ಕ್ರಮವು ಹೀಗಿದೆ.

ಮೊದಲನೆಯದಾಗಿ, ಒಡೆಯದೆ ಉಳಿದ ಇಡೀ ಅಣುವಿನ ಗೆರೆಯನ್ನು ಹುಡುಕತಕ್ಕದ್ದು. ಇದು ಸಾಮಾನ್ಯವಾಗಿ ಬಲಗಡೆಯ ಕೊನೆಯಲ್ಲಿರುವುದು. ಕೆಲವು ವೇಳೆ ಬಹಳ ಗಿಡ್ಡದಾಗಿರುವುದು.

ಎರಡನೆಯದಾಗಿ, ಅದರ ಅಂಕಿಯು ಸರಿಯೋ ಬೆಸವೋ ನೋಡತಕ್ಕದ್ದು. ಅಣುವಿನಲ್ಲಿ ಸಾರಜನಕದ ಪರಮಾಣುಗಳು ಒಂದು, ಮೂರು ಹೀಗೆ ಬೆಸ ಸಂಖ್ಯೆಯಲ್ಲಿದ್ದರೆ ಅಣುತೂಕವೂ ಬೆಸವಾಗಿರುವುದು. ಸಾರಜನಕವು ಇಲ್ಲದಿದ್ದರೆ ಅಥವಾ ಸರಿ ಸಂಖ್ಯೆಯಲ್ಲಿದ್ದರೆ ಅಣುತೂಕವು ಸರಿಯಾಗಿರುವುದು.

ಮೂರನೆಯದಾಗಿ, ಜೋಡಿಗೆರೆಗಳನ್ನು ಪರಿಶೀಲಿಸತಕ್ಕದ್ದು. ಪ್ರಕೃತಿಯಲ್ಲಿ ಕ್ಲೋರಿನ್ನಿನ ನಾಲ್ಕು ಪರಮಾಣುಗಳಲ್ಲಿ ಸುಮಾರು ಮೂರು ೩೫ ತೂಕದವು, ಒಂದು ೩೭ ತೂಕದ್ದು. ಆದುದರಿಂದ ಒಂದು ಕ್ಲೋರಿನ್ ಇರುವ ತುಣುಕು ಎರಡು ಅಂಕಿಗಳ ಅಂತರದಲ್ಲಿ ೩ಕ್ಕೆ ೧ರ ಎತ್ತರದ ಎರಡು ಗೆರೆಗಳನ್ನು ಕೊಡುವುದು. ಎರಡು ಕ್ಲೋರಿನ್ ಇದ್ದರೆ ೯, ೬, ೧ ಎಂಬ ಪ್ರಮಾಣದ ಮೂರು ಗೆರೆಗಳು. ಮೂರು ಇದ್ದರೆ ೨೭, ೨೭, ೯, ೧ ಎಂಬ ನಾಲ್ಕು ಗೆರೆಗಳು. ಬ್ರೋಮಿನ್ ಒಂದಿದ್ದರೆ ಎರಡು ಗೆರೆಗಳೂ ಸುಮಾರು ಸಮನಾಗಿರುವುವು. ಗಂಧಕವೊಂದಕ್ಕೆ ಎರಡನೆಯ ಗೆರೆಯು ನೂರಕ್ಕೆ ನಾಲ್ಕೂವರೆಯಷ್ಟು ಮಾತ್ರ. ದನಗಳಿಗೆ ಹಾಕಿದ ಮುದ್ರೆಯಂತೆ ಈ ಪ್ರಮಾಣಗಳು ಮೂಲವಸ್ತುವನ್ನು ಗುರುತಿಸಿಕೊಡುತ್ತವೆ.

ನಾಲ್ಕನೆಯದಾಗಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು, ಏನು ಉದುರಿಹೋಯಿತೆಂದು ಊಹಿಸತಕ್ಕದ್ದು. ೩೫ ಕಳೆದಿದ್ದರೆ ಕ್ಲೋರಿನ್. ೩೨ ಕಳೆದಿದ್ದರೆ ಮೆಥನಾಲ್ ಆಗಿರಬಹುದು. ೨೮ ಕಳೆದಿದ್ದರೆ ಎಥಿಲೀನ್ ಅಥವಾ ಇಂಗಾಲದ ಮಾನಾಕ್ಸೈಡ್.

೪. ಕ್ಲೋರ್‌ಪೈರಿಫಾಸಿನ ಉದಾಹರಣೆ

ಗೆದ್ದಲಿಗೂ ಕಾಯಿಕೊರಕಕ್ಕೂ ಬಳಸಿ ರೈತರಿಗೆ ಪರಿಚಿತವಾದ ಕ್ಲೋರ್‌ಪೈರಿಫಾಸನ್ನು ನೋಡೋಣ. ಇದರ ಅಣುವಿನಲ್ಲಿ ಇಂಗಾಲ ೯, ಜಲಜನಕ ೧೧, ಕ್ಲೋರಿನ್ ೩, ಸಾರಜನಕ ೧, ಆಮ್ಲಜನಕ ೩, ರಂಜಕ ೧, ಗಂಧಕ ೧. ಹಗುರವಾದ ಕ್ಲೋರಿನ್ನನ್ನು ಹಿಡಿದು ಕೂಡಿದರೆ ೧೦೮, ೧೧, ೧೦೫, ೧೪, ೪೮, ೩೧, ೩೨, ಒಟ್ಟು ೩೪೯. ಅಂಕಿಯು ಬೆಸ; ಸಾರಜನಕವು ಒಂದೇ ಎಂಬುದಕ್ಕೆ ಇದು ಹೊಂದುವುದು. ೩೪೯, ೩೫೧, ೩೫೩ರಲ್ಲಿ ಗಿಡ್ಡ ಗೆರೆಗಳಿದ್ದು ಮೊದಲಿನವೆರಡೂ ಸಮಸಮವಾಗಿರುವುವು. ಮೂರು ಕ್ಲೋರಿನ್ನಿಗೆ ಇದು ಗುರುತು.

ಮುಂದೆ ೩೧೪ರಲ್ಲಿ ಎತ್ತರವಾದ ಗೆರೆಯಿದೆ. ೩೪೯ರಿಂದ ೩೧೪ನ್ನು ಕಳೆದರೆ ೩೫. ಒಂದು ಕ್ಲೋರಿನ್ ಬಿಟ್ಟುಹೋಗಿದೆ. ಹಾಗಿದ್ದರೆ ಉಳಿದ ತುಣುಕಿನಲ್ಲಿ ಎರಡು ಕ್ಲೋರಿನ್ ಇರಬೇಕು. ಅದರಂತೆ ೩೧೪, ೩೧೬, ೩೧೮ರ ಗೆರೆಗಳು ೯, ೬, ೧ರ ಪ್ರಮಾಣದಲ್ಲಿಯೇ ಇರುವುವು. ೩೧೪ರಿಂದ ೨೮ ಕಳೆದು ೨೮೬, ಮತ್ತೆ ೨೮ ಕಳೆದು ೨೫೮. ಎರಡು ಎಥಿಲೀನ್ ತುಣುಕುಗಳು ಒಂದಾದಮೇಲೊಂದು ಬಿದ್ದಿವೆ. ೧೯೭ರಲ್ಲಿ ಮೂರು ಕ್ಲೋರಿನ್ ಹೊತ್ತ ಉಂಗುರದ ಭಾಗ. ಅದರ ಪಕ್ಕದ ೧೯೯ ಅದಕ್ಕೆ ಸಮಾನವಾದುದು. ಕಡೆಗೆ ೯೭ರಲ್ಲಿ ರಂಜಕ, ಗಂಧಕಗಳುಳ್ಳ ಚೂರು.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ೯೭ರ ಗೆರೆಯು ಬಹು ಎತ್ತರವಾಗಿದ್ದರೂ ಅದೊಂದರಿಂದಲೇ ಕ್ಲೋರ್‌ಪೈರಿಫಾಸ್ ಎಂದು ತೀರ್ಮಾನಿಸಲಾಗದು; ಅದೇ ಜಾತಿಯ ಇತರ ರಂಜಕ ಔಷಧಗಳೂ ಆ ಚೂರನ್ನು ಕೊಡುವುವು. ೩೧೪, ೧೯೭, ೯೭ ಈ ಮೂರೂ ಒಂದೇ ಕ್ಷಣದಲ್ಲಿ ತಕ್ಕ ಪ್ರಮಾಣದಲ್ಲಿ ಕಾಣಿಸಿದರೆ ಮಾತ್ರ ಗುರುತು ಸ್ಥಿರವಾಗುವುದು. ಯೂರೋಪಿನವರು ೨೦೨೦ರ ನವೆಂಬರಿನಿಂದ ಈ ಔಷಧದ ಮಿತಿಯನ್ನು ಎಲ್ಲ ಬೆಳೆಗಳಿಗೂ ೦.೦೧ ಮಿಲಿಗ್ರಾಮಿಗೆ ಇಳಿಸಿರುವುದರಿಂದ, ಹೊರದೇಶಕ್ಕೆ ಕಳುಹಿಸುವವರಿಗೆ ಇದು ಮುಖ್ಯವಾದುದು.

೫. ಎರಡು ಬಾರಿ ತೂಗುವ ವಿಧಾನ

ಕಾಸಿದರೆ ಕೆಡುವ ಅಥವಾ ಆವಿಯಾಗದ ಔಷಧಗಳಿಗೆ ಬೇರೊಂದು ವಿಧಾನವುಂಟು. ಅದರಲ್ಲಿ ಅಣುವನ್ನು ಮೃದುವಾಗಿ ಅಯಾನಾಗಿಸಿ, ಇಡಿಯಾಗಿ ಒಮ್ಮೆ ತೂಗಿ, ಬಳಿಕ ಒಡೆದು, ಚೂರನ್ನು ಮತ್ತೊಮ್ಮೆ ತೂಗುವರು. ಇಲ್ಲಿ ಅಣುವಿಗೆ ಸಾಮಾನ್ಯವಾಗಿ ಜಲಜನಕವೊಂದು ಅಂಟಿಕೊಳ್ಳುವುದರಿಂದ ಅಂಕಿಗೆ ೧ ಕೂಡುವುದು. ಸರಿ ಬೆಸಗಳ ನಿಯಮವೂ ಅದಕ್ಕನುಗುಣವಾಗಿ ಮಗುಚುವುದು. ಬೂಷ್ಟು ರೋಗಕ್ಕೆ ಬಳಸುವ ಕಾರ್ಬೆಂಡಜಿಮಿನ ಅಣುತೂಕ ೧೯೧. ಯಂತ್ರದಲ್ಲಿ ೧೯೨ ಎಂದು ಕಾಣುವುದು. ಒಡೆದಾಗ ೩೨ ತೂಕದ ಮೆಥನಾಲ್ ಹೋಗಿ ೧೬೦, ಮತ್ತೆ ೨೮ ಹೋಗಿ ೧೩೨ ಬರುವುವು. ವರದಿಯಲ್ಲಿ ಈ ಔಷಧದ ಮುಂದೆ ಈ ಅಂಕಿಗಳು ಇರುವುದನ್ನು ನೋಡಬಹುದು.

ದ್ರಾಕ್ಷಿ ಬೆಳೆಗಾರರಿಗೆ ಕ್ಲೋರ್‌ಮೆಕ್ವಾಟ್ ವಿಷಯವು ಇನ್ನೂ ನೆನಪಿರಬಹುದು. ಬಳ್ಳಿಯ ಬೆಳವಣಿಗೆಯನ್ನು ತಡೆದು ಫಲವನ್ನು ಹೆಚ್ಚಿಸಲು ಬಳಸುವ ಈ ಪದಾರ್ಥದ ಶೇಷವು ಮಿತಿಮೀರಿದೆಯೆಂಬ ಕಾರಣದಿಂದ ೨೦೧೦ರಲ್ಲಿ ಭಾರತದ ದ್ರಾಕ್ಷಿಯು ಯೂರೋಪಿನಲ್ಲಿ ತಿರಸ್ಕರಿಸಲ್ಪಟ್ಟು, ರಫ್ತುಗಾರರಿಗೂ ಬೆಳೆಗಾರರಿಗೂ ಬಹಳ ನಷ್ಟವುಂಟಾಯಿತು. ಈ ಪದಾರ್ಥವು ಮೊದಲೇ ವಿದ್ಯುದಂಶವುಳ್ಳದ್ದಾದುದರಿಂದ ೧ನ್ನು ಕೂಡಬೇಕಾಗಿಲ್ಲ. ೧೨೨ ಎಂದೇ ತೂಗುವುದು. ಕ್ಲೋರಿನ್ ಒಂದಿರುವುದರಿಂದ ೧೨೪ರಲ್ಲಿ ಮೂರರಲ್ಲೊಂದರಷ್ಟು ಜೋಡಿಗೆರೆಯುಂಟು. ೧೨೨ನ್ನು ಒಡೆದರೂ ೧೨೪ನ್ನು ಒಡೆದರೂ ೫೮ರ ಚೂರೇ ಬರುವುದು. ಅಂದರೆ ಕ್ಲೋರಿನ್ ಇರುವ ಭಾಗವು ಕಳಚಿಹೋಗಿ, ಸಾರಜನಕದ ಭಾಗವು ಉಳಿಯಿತೆಂದು ತಿಳಿಯತಕ್ಕದ್ದು. ೫೮ರ ಚೂರನ್ನು ಬೇರೆ ಅನೇಕ ಪದಾರ್ಥಗಳೂ ಕೊಡುವುವು. ಆದರೆ ೧೨೨, ೧೨೪ ಎರಡರಿಂದಲೂ ೩ಕ್ಕೆ ೧ರ ಪ್ರಮಾಣದಲ್ಲಿ ೫೮ ಬರುವುದು ಕ್ಲೋರಿನ್ನಿನ ಸಾಕ್ಷ್ಯವಿಲ್ಲದೆ ಸಾಧ್ಯವಿಲ್ಲ.

ಈ ವಿಧಾನದ ಇನ್ನೊಂದು ಲಕ್ಷಣವನ್ನೂ ಮರೆಯಬಾರದು. ಯಂತ್ರಕ್ಕೆ ಯಾವ ಜೋಡಿ ಅಂಕಿಗಳನ್ನು ಹುಡುಕಲು ಹೇಳಿದೆಯೋ ಅವನ್ನು ಮಾತ್ರ ಅದು ಹುಡುಕುವುದು. ಪಟ್ಟಿಯಲ್ಲಿ ಇಲ್ಲದ ಔಷಧವು ಹಣ್ಣಿನಲ್ಲಿ ಎಷ್ಟಿದ್ದರೂ ವರದಿಯಲ್ಲಿ ಬರುವುದಿಲ್ಲ. ಆದುದರಿಂದ “ಶೇಷವಿಲ್ಲ” ಎಂಬ ಮಾತಿಗೆ “ಪಟ್ಟಿಯಲ್ಲಿದ್ದವುಗಳ ಪೈಕಿ ಇಲ್ಲ” ಎಂದಷ್ಟೇ ಅರ್ಥ. ತೋಟಕ್ಕೆ ಹೊಡೆದ ಪ್ರತಿಯೊಂದು ಔಷಧದ ಹೆಸರನ್ನೂ ಪರೀಕ್ಷಕರಿಗೆ ಮೊದಲೇ ತಿಳಿಸುವುದು ಬೆಳೆಗಾರನಿಗೇ ಲಾಭ.

೬. ನಿರಪರಾಧಿಯ ಮೇಲೆ ದೋಷ ಬೀಳುವ ಸಂದರ್ಭ

ಮ್ಯಾಂಕೋಜೆಬ್ ಮತ್ತು ಅದರ ಜಾತಿಯ ಶಿಲೀಂಧ್ರನಾಶಕಗಳನ್ನು ಸಾಮಾನ್ಯ ಕ್ರಮದಲ್ಲಿ ನೇರವಾಗಿ ತೂಗುವುದಿಲ್ಲ. ಆಮ್ಲದೊಡನೆ ಕಾಸಿ, ಹೊರಬರುವ ಇಂಗಾಲದ ಡೈಸಲ್ಫೈಡನ್ನು ತೂಗುವರು. ಇಂಗಾಲ ೧೨, ಗಂಧಕ ಎರಡು ಸೇರಿ ೬೪, ಒಟ್ಟು ೭೬. ಗಂಧಕ ಎರಡಿರುವುದರಿಂದ ೭೮ರಲ್ಲಿ ನೂರಕ್ಕೆ ಒಂಬತ್ತರಷ್ಟು ಜೋಡಿಗೆರೆ. ಗೆರೆಗಳು ನಿಸ್ಸಂದೇಹವಾದುವು. ಆದರೆ ಎಲೆಕೋಸು, ಹೂಕೋಸು, ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಸ್ವಭಾವಸಿದ್ಧವಾದ ಗಂಧಕದ ಪದಾರ್ಥಗಳಿದ್ದು, ಅವೂ ಕಾಸಿದಾಗ ಇದೇ ಅನಿಲವನ್ನು ಕೊಡಬಲ್ಲವು. ಎಂದೂ ಔಷಧವನ್ನು ಹೊಡೆಯದ ಕೋಸಿನಲ್ಲಿಯೂ ೭೬ರ ಗೆರೆಯು ಕಾಣಿಸಬಹುದು. ಇಂಥ ಸಂದರ್ಭದಲ್ಲಿ ಯಂತ್ರವು ತಪ್ಪು ಹೇಳಿಲ್ಲ, ಅನಿಲವಿರುವುದು ನಿಜ. ಅದು ಎಲ್ಲಿಂದ ಬಂದಿತೆಂಬ ತೀರ್ಮಾನದಲ್ಲಿ ತಪ್ಪಿರುವುದು. ಕೋಸು ಬೆಳೆಯುವವರು ಅಲ್ಪ ಪ್ರಮಾಣದ ಇಂಥ ವರದಿಯು ಬಂದೊಡನೆ ಒಪ್ಪಿಕೊಳ್ಳದೆ, ಔಷಧವನ್ನು ನೇರವಾಗಿ ಗುರುತಿಸುವ ಬೇರೆ ಪರೀಕ್ಷೆಯನ್ನು ಕೇಳತಕ್ಕದ್ದು.

ತೂಕವೊಂದೇ ಆದರೂ ರಚನೆ ಬೇರೆಯಾದ ಪದಾರ್ಥಗಳೂ ಉಂಟು. ಅವುಗಳನ್ನು ಬೇರ್ಪಡಿಸುವುದು ನಾಳದಿಂದ ಹೊರಬರುವ ಹೊತ್ತು. ಆದುದರಿಂದ ಶುದ್ಧವಾದ ಮಾದರಿಯೊಡನೆ ಹೋಲಿಸಿದಾಗ ಹೊತ್ತಿನಲ್ಲಿ ೦.೧ ನಿಮಿಷಕ್ಕಿಂತ ಹೆಚ್ಚು ಅಂತರವಿರಬಾರದೆಂದೂ, ಎರಡು ಗೆರೆಗಳ ಎತ್ತರದ ಪ್ರಮಾಣವು ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದೆಂದೂ ಯೂರೋಪಿನ ಪ್ರಯೋಗಶಾಲೆಗಳಲ್ಲಿ ನಿಯಮವಿದೆ.

೭. ಗೆರೆಗಳನ್ನು ನೋಡದಿದ್ದುದರ ಫಲ

ಕಾಸರಗೋಡಿನ ಎಣ್ಮಕಜೆ ಮುಂತಾದ ಗ್ರಾಮಗಳಲ್ಲಿ, ಕನ್ನಡಿಗರೂ ತುಳುವರೂ ಇರುವ ಗುಡ್ಡಗಳ ಮೇಲಿನ ಗೇರುತೋಟಗಳಿಗೆ, ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಎಂಡೋಸಲ್ಫಾನ್ ಔಷಧವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಕೆಳಗಿನ ತೊರೆಗಳ ನೀರನ್ನೇ ಕುಡಿಯುತ್ತಿದ್ದ ಪಡ್ರೆ ಗ್ರಾಮದ ಮಕ್ಕಳಲ್ಲಿ ಕಂಡುಬಂದ ವ್ಯಾಧಿಗಳನ್ನು ವಾಣಿನಗರದ ವೈದ್ಯರಾದ ಡಾ. ಮೋಹನ್ ಕುಮಾರರೂ ಪತ್ರಕರ್ತರಾದ ಶ್ರೀ ಪಡ್ರೆಯವರೂ ಹೊರಜಗತ್ತಿಗೆ ತಿಳಿಸಿದರು. ಆ ಊರಿನ ಬಾಲಕರ ರಕ್ತದಲ್ಲಿ ಈ ಔಷಧದ ಶೇಷವು ಬೇರೆ ಊರಿನವರಿಗಿಂತ ಹೆಚ್ಚಾಗಿದ್ದುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ೨೦೦೩ರಲ್ಲಿ ಪ್ರಕಟಿಸಿದರು. ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಈ ಔಷಧವನ್ನು ತಡೆಯಿತು.

ಎಂಡೋಸಲ್ಫಾನಿನ ಅಣುವಿನಲ್ಲಿ ಆರು ಕ್ಲೋರಿನ್‌ಗಳು. ಇದರ ರೋಹಿತದಲ್ಲಿ ೧೯೫, ೨೪೧, ೩೩೯ ಮುಂತಾದ ಗೆರೆಗಳು ಒಂದೊಂದೂ ಎರಡಂಕಿ ಅಂತರದ ಗುಂಪಾಗಿ ನಿಲ್ಲುವುವು. ಮಣ್ಣಿನಲ್ಲಿ ಕಾಲ ಕಳೆದಂತೆ ಇದು ಆಮ್ಲಜನಕವೊಂದನ್ನು ಸೇರಿಸಿಕೊಂಡು ೧೬ ತೂಕ ಹೆಚ್ಚಾಗಿ, ಸಲ್ಫೇಟ್ ಎಂಬ ರೂಪವನ್ನು ತಾಳುವುದು. ಅದರ ಗೆರೆಗಳು ೨೭೨, ೩೮೭ ಮುಂತಾದುವು. ಈ ರೂಪವು ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವುದು. ಮೂಲವೇ ಹೆಚ್ಚಾಗಿದ್ದರೆ ಔಷಧವು ಈಚೆಗೆ ಬಿದ್ದಿತೆಂದೂ, ಸಲ್ಫೇಟೇ ಹೆಚ್ಚಾಗಿದ್ದರೆ ಹಿಂದೆ ಬಿದ್ದು ಉಳಿದುದೆಂದೂ ಊಹಿಸಲು ಇದರಿಂದ ಅವಕಾಶವುಂಟು. ಇಂಥ ಗೆರೆಗಳನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ ಎಚ್ಚರಿಕೆಯು ಎಷ್ಟೋ ವರ್ಷ ಮೊದಲೇ ದೊರೆಯುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

೮. ಈ ಪರೀಕ್ಷೆಗೆ ನಿಲುಕದುದು

ಕಾರ್ಖಾನೆಗಳ ಸಮೀಪದ ಗ್ರಾಮದವರು ಒಂದು ಮಾತನ್ನು ಚೆನ್ನಾಗಿ ತಿಳಿದಿರಬೇಕು. ಮೇಲೆ ವಿವರಿಸಿದ ಪರೀಕ್ಷೆಯು ಔಷಧಗಳಂಥ ಇಂಗಾಲದ ಪದಾರ್ಥಗಳಿಗೆ ಏರ್ಪಟ್ಟದ್ದು. ಪೀಣ್ಯದ ಸುತ್ತಿನ ಅಂತರ್ಜಲದಲ್ಲಿ ಕಂಡುಬಂದಿರುವ ಕ್ರೋಮಿಯಂ, ಹಾಗೂ ಸೀಸ, ನಿಕ್ಕಲ್ ಮುಂತಾದ ಲೋಹಗಳನ್ನು ಇದು ತೋರಿಸುವುದಿಲ್ಲ. ಬಾವಿಯ ನೀರಿನಲ್ಲಿ ಕೀಟನಾಶಕವಿಲ್ಲವೆಂಬ ವರದಿಯನ್ನು ನೋಡಿ ನೀರು ನಿರ್ದೋಷವೆಂದು ಭಾವಿಸಬಾರದು. ಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸತಕ್ಕದ್ದು.

೯. ಗ್ರಾಮಮುಖಂಡರೂ ಜಮೀನುದಾರರೂ ಅನುಸರಿಸತಕ್ಕ ಕ್ರಮ

ಮಾದರಿಯು ಸರಿಯಿಲ್ಲದಿದ್ದರೆ ಯಂತ್ರವೆಷ್ಟು ಉತ್ತಮವಾದರೂ ಪ್ರಯೋಜನವಿಲ್ಲ. ಹೊಲದ ಒಂದೇ ಮೂಲೆಯಿಂದ ಕೀಳದೆ, ಹಲವು ಸಾಲುಗಳಿಂದ ಆರಿಸತಕ್ಕದ್ದು. ಟೊಮೇಟೋವಿನಂಥ ಕಾಯಿಗಳಾದರೆ ೧೦ಕ್ಕೆ ಕಡಿಮೆಯಿಲ್ಲದಂತೆ ೧ ಕಿಲೋಗ್ರಾಮಾದರೂ, ಎಲೆಕೋಸಿನಂಥ ದೊಡ್ಡವಾದರೆ ೫ಕ್ಕೆ ಕಡಿಮೆಯಿಲ್ಲದಂತೆ ೨ ಕಿಲೋಗ್ರಾಮಾದರೂ ಇರಬೇಕು. ತೊಳೆಯದೆ, ಮಣ್ಣನ್ನು ಮಾತ್ರ ಕೊಡವಿ, ಶುದ್ಧವಾದ ಹೊಸ ಚೀಲದಲ್ಲಿ ಕಟ್ಟತಕ್ಕದ್ದು. ಔಷಧವನ್ನು ಹೊಡೆದ ಕೈಯಿಂದಾಗಲಿ, ಅದೇ ಗಾಡಿಯಲ್ಲಾಗಲಿ ಮಾದರಿಯನ್ನು ಸಾಗಿಸಬಾರದು. ಮಾದರಿಯ ಒಂದು ಭಾಗಕ್ಕೆ ಮುದ್ರೆ ಹಾಕಿ ಶೀತದಲ್ಲಿ ಇಟ್ಟುಕೊಂಡರೆ, ವಿವಾದ ಬಂದಾಗ ಮರುಪರೀಕ್ಷೆಗೆ ಒದಗುವುದು.

ಯಾವ ಔಷಧ, ಯಾವ ದಿನ, ಎಷ್ಟು ಪ್ರಮಾಣ ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಔಷಧದ ಡಬ್ಬಿಯ ಮೇಲೆ ಸೂಚಿಸಿರುವ ಕಾಯುವ ದಿನಗಳು ಕಳೆಯುವುದಕ್ಕೆ ಮೊದಲು ಕೊಯ್ಲು ಮಾಡಲೇಬಾರದು. ಪಕ್ಕದ ಹೊಲದವರು ಹೊಡೆದ ಔಷಧವು ಗಾಳಿಯಲ್ಲಿ ಬಂದು ಬೀಳುವುದೂ ಉಂಟು. ಆದುದರಿಂದ ಈ ಲೆಕ್ಕವನ್ನು ಊರೊಟ್ಟಿಗೆ ಇಡುವ ಏರ್ಪಾಡನ್ನು ಮುಖಂಡರು ಮಾಡುವುದು ಲೇಸು. ೧೯೫೯ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಇಂದು ಹಾಪ್‌ಕಾಮ್ಸ್ ಎನಿಸಿರುವ ಸಂಸ್ಥೆಯ ಉದಾಹರಣೆಯಂತೆ, ಹತ್ತಾರು ಮಂದಿ ಕೂಡಿ ಪರೀಕ್ಷೆ ಮಾಡಿಸಿದರೆ ವೆಚ್ಚವೂ ಹಂಚಿಹೋಗುವುದು.

ವರದಿಯು ಕೈಗೆ ಬಂದಾಗ ನಾಲ್ಕು ವಿಷಯಗಳನ್ನು ಕೇಳತಕ್ಕದ್ದು: ಪದಾರ್ಥವನ್ನು ಎಷ್ಟು ಗೆರೆಗಳಿಂದ ಗುರುತಿಸಿದರು, ಅವುಗಳ ಪ್ರಮಾಣವು ಶುದ್ಧ ಮಾದರಿಗೆ ಹೊಂದಿತೇ, ನಾಳದಿಂದ ಹೊರಬಂದ ಹೊತ್ತು ಹೊಂದಿತೇ, ಔಷಧವಿಲ್ಲದ ಅದೇ ತರಕಾರಿಯನ್ನು ಜೊತೆಯಲ್ಲಿಯೇ ಪರೀಕ್ಷಿಸಿ ನೋಡಿದರೇ. ಈ ನಾಲ್ಕಕ್ಕೂ ಸ್ಪಷ್ಟವಾದ ಉತ್ತರವಿದ್ದರೆ ವರದಿಯನ್ನು ಅಂಗೀಕರಿಸಿ ಮುಂದಿನ ಬೆಳೆಯ ಕ್ರಮವನ್ನು ತಿದ್ದಿಕೊಳ್ಳತಕ್ಕದ್ದು. ಇಲ್ಲದಿದ್ದರೆ ಮರುಪರೀಕ್ಷೆಯನ್ನು ಬರಹದ ಮೂಲಕ ಕೇಳತಕ್ಕದ್ದು.

೧೮೯೯ರಲ್ಲಿ ಹೆಬ್ಬಾಳದ ೩೦ ಎಕರೆಯ ಪ್ರಯೋಗಕ್ಷೇತ್ರದಲ್ಲಿ ಡಾ. ಲೆಹ್ಮನ್ನರ ಮಾರ್ಗದರ್ಶನದಿಂದ ಈ ಸೀಮೆಯ ವ್ಯವಸಾಯ ಸಂಶೋಧನೆಯು ಮೊದಲಾಯಿತು. ಇಂದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯಲ್ಲಿಯೂ ಔಷಧಶೇಷಗಳ ಪರೀಕ್ಷೆಗೆ ಪ್ರಯೋಗಶಾಲೆಗಳಿವೆ; ವೈಟ್‌ಫೀಲ್ಡ್, ಪೀಣ್ಯ ಭಾಗಗಳಲ್ಲಿ ಖಾಸಗಿ ಪ್ರಯೋಗಶಾಲೆಗಳೂ ಉಂಟು. ಕೊಯ್ಲಿಗೆ ಸಾಕಷ್ಟು ದಿನಗಳು ಮೊದಲೇ ಮಾದರಿಯನ್ನು ಕಳುಹಿಸಿದರೆ, ದೋಷವು ಕಂಡುಬಂದರೂ ಕೊಯ್ಲನ್ನು ಮುಂದೂಡಿ ಶೇಷವು ಇಳಿಯುವವರೆಗೆ ಕಾಯಲು ಅವಕಾಶವಿರುವುದು. ಸರಕು ಲಾರಿಗೆ ಏರಿದ ಮೇಲೆ ಬರುವ ವರದಿಯಿಂದ ಆ ಪ್ರಯೋಜನವು ದೊರೆಯದು.